ಪರಿಚಯವೂ ಶಿಫಾರಸೂ

ಹಾಸನದಿಂದ ಸಾಲಗಾಮೆಗೆ ಹೋಗುವ ರಸ್ತೆಯಲ್ಲಿ ಸಂಜೆಯ ಹೊತ್ತು ತಿರುಗಾಡುವವರಿಗೆ, ಆಕಾಶಕ್ಕೆ ಮುಖಮಾಡಿ ನಿಂತ ದೊಡ್ಡ ದೊಡ್ಡ ಬಿಳಿಯ ಬೋಗುಣಿಗಳು ಕಾಣಿಸುವುವು. 1982ರಲ್ಲಿ ಸ್ಥಾಪಿತವಾದ ಮುಖ್ಯ ನಿಯಂತ್ರಣ ಕೇಂದ್ರವು ಅದು. ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ನಮ್ಮ ದೇಶದ ಉಪಗ್ರಹಗಳನ್ನು ಅಲ್ಲಿ ಕುಳಿತವರು ಹಗಲಿರುಳು ನೋಡಿಕೊಳ್ಳುತ್ತಾರೆ. ಅವರ ಮಕ್ಕಳು ಎಷ್ಟೋ ಮಂದಿ ನನ್ನಲ್ಲಿ ಕನ್ನಡ ಪಾಠ ಕೇಳಿದ್ದಾರೆ. ಪರೀಕ್ಷೆಯ ಫಲಿತಾಂಶದ ದಿನ ಆ ತಂದೆತಾಯಿಗಳು ನನ್ನೆದುರಿಗೆ ಬಂದು ನಮಸ್ಕರಿಸಿದ್ದಾರೆ. ಇಪ್ಪತ್ತೆಂಟು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ನಾನು ಅವರಲ್ಲಿ ಒಬ್ಬರನ್ನಾದರೂ, “ನೀವು ಅಲ್ಲಿ ಮಾಡುವ ಕೆಲಸವೇನು?” ಎಂದು ಕೇಳಿದವನಲ್ಲ. ಕೇಳಬೇಕೆಂದು ನನಗೆ ತೋರಲೂ ಇಲ್ಲ. ಹೀಗೆ ಕೇಳದೆ ಇರುವುದರಿಂದ ಮನುಷ್ಯನು ಎಷ್ಟನ್ನು ಕಳೆದುಕೊಳ್ಳುವನೆಂಬುದನ್ನು ನನಗೆ ಕಲಿಸಿದವಳು ನನ್ನ ಮಗಳು. ಮಕ್ಕಳನ್ನು ಓದಿಸುತ್ತಿರುವ ಇತರ ಗೃಹಸ್ಥರಿಗೂ ಪ್ರಯೋಜನವಾದೀತೆಂದು ಆ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಗಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ವಿಮಾನ ಎಂಜಿನಿಯರಿಂಗ್ ಓದುತ್ತಿದ್ದಳು. 2023ನೆಯ ಇಸವಿಯಲ್ಲಿ ಅವಳಿಗೆ ಮೂರನೆಯ ವರ್ಷ. ಬೇಸಗೆಯ ರಜದಲ್ಲಿ ಯಾವುದಾದರೊಂದು ಕಾರ್ಖಾನೆಯಲ್ಲಾಗಲಿ ಪ್ರಯೋಗಶಾಲೆಯಲ್ಲಾಗಲಿ ಕೆಲವು ವಾರ ಕೆಲಸ ಕಲಿಯಬೇಕೆಂಬುದು ಕಾಲೇಜಿನ ನಿಯಮ. ಇದಕ್ಕೆ ಈಗಿನವರು ಇಂಟರ್ನ್‌ಶಿಪ್ ಎನ್ನುತ್ತಾರೆ. ಕಾಲೇಜಿನವರು ಕೊಟ್ಟ ಪಟ್ಟಿಯಲ್ಲಿದ್ದ ಸಂಸ್ಥೆಗಳು ಬಹುಪಾಲು ಕಂಪ್ಯೂಟರಿನ ಲೆಕ್ಕಪತ್ರ ಮಾಡುವವು. ಮಗಳು ತಾನಾಗಿಯೇ ನಲವತ್ತಕ್ಕೂ ಹೆಚ್ಚು ಅರ್ಜಿಗಳನ್ನು ಕಳುಹಿಸಿದಳು. ಮೂರಕ್ಕೆ ಇಲ್ಲವೆಂಬ ಉತ್ತರ ಬಂದಿತು. ಉಳಿದವಕ್ಕೆ ಉತ್ತರವೇ ಇಲ್ಲ. ಒಂದು ಕಡೆಯವರು ಮಾತ್ರ, ಹಣ ಕಟ್ಟಿದರೆ ಕೆಲಸವಿಲ್ಲದೆಯೇ ಪ್ರಮಾಣಪತ್ರ ಕೊಡುವೆವೆಂದು ಉತ್ಸಾಹದಿಂದ ಬರೆದಿದ್ದರು. ಅದನ್ನು ಅವಳು ನನಗೆ ಓದಿ ಹೇಳಿ ನಕ್ಕಳು. ಆ ನಗುವಿನಲ್ಲಿ ನಗು ಇರಲಿಲ್ಲ.

ಇಂಥ ಸಮಯದಲ್ಲಿ ನಮ್ಮ ಕಡೆಯ ಗೃಹಸ್ಥನು ಏನು ಮಾಡುವನೋ ಅದನ್ನೇ ನಾನೂ ಮಾಡಿದೆನು. ನನ್ನ ಮನೆಯಾಕೆಯ ದೊಡ್ಡಪ್ಪನ ಮಗನೊಬ್ಬರು ಬೆಂಗಳೂರಿನಲ್ಲಿ ದೊಡ್ಡ ಅಧಿಕಾರದಲ್ಲಿದ್ದು ನಿವೃತ್ತರಾದವರು. ಮಗಳಿಗೆ ತಿಳಿಸದೆ, ಹತ್ತು ತೆಂಗಿನಕಾಯಿಯನ್ನೂ ಅರ್ಧ ಮೂಟೆ ಆಲೂಗಡ್ಡೆಯನ್ನೂ ಹೊತ್ತುಕೊಂಡು ಅವರ ಮನೆಗೆ ಹೋದೆನು. ಅವರು ಕಾಫಿ ಕೊಟ್ಟು ಉಪಚರಿಸಿದರು. “ಹುಡುಗಿಗೆ ಈ ಗೊಡವೆಯೆಲ್ಲ ಏಕೆ ಬೇಕಾಗಿತ್ತು ಭಾವ? ಇರಲಿ, ನೋಡೋಣ,” ಎಂದರು. ಆಮೇಲೆ ನಾನು ಮೂರು ಬಾರಿ ಟೆಲಿಫೋನು ಮಾಡಿದೆನು. ಎರಡು ಬಾರಿ “ನೋಡೋಣ” ಎಂಬ ಮಾತೇ ಬಂದಿತು. ಮೂರನೆಯ ಬಾರಿ ಅವರು ತೆಗೆದುಕೊಳ್ಳಲಿಲ್ಲ. ಅವರನ್ನು ನಾನು ದೂರುವುದಿಲ್ಲ. ವಿಮಾನದ ಕೆಲಸಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ನಮ್ಮವರೆಂಬುದೊಂದೇ ನಾನು ಅವರಲ್ಲಿ ಕಂಡ ಅರ್ಹತೆ.

ಸಂಗತಿಯು ಹೇಗೋ ಮಗಳ ಕಿವಿಗೆ ಬಿದ್ದಿತು. ಯುಗಾದಿಗೆ ಊರಿಗೆ ಬಂದವಳು ರಾತ್ರಿ ಊಟವಾದ ಮೇಲೆ ನನ್ನ ಮುಂದೆ ಕುಳಿತು, “ಅಪ್ಪಾ, ಅವರ ಮಾತಿನಿಂದ ನನಗೆ ಸ್ಥಾನ ಸಿಕ್ಕಿದ್ದರೆ, ಅಲ್ಲಿಯವರು ನನ್ನನ್ನು ಯಾರೆಂದು ತೆಗೆದುಕೊಂಡ ಹಾಗಾಗುತ್ತಿತ್ತು? ಒಬ್ಬರ ಸೋದರ ಸೊಸೆಯೆಂದೋ, ರೆಕ್ಕೆಯ ವಿಷಯ ಎರಡಕ್ಷರ ಬಲ್ಲವಳೆಂದೋ?” ಎಂದು ಕೇಳಿದಳು.

ಅವಳಿಗೆ ತಿಳಿಯದ ಒಂದು ಸಂಗತಿಯು ನನ್ನೊಳಗೆ ಮೂವತ್ತು ವರ್ಷಗಳಿಂದ ಇದ್ದಿತು. ಆ ರಾತ್ರಿ ಅದನ್ನು ಹೇಳಿಬಿಟ್ಟೆನು. ನಾನು ಉಪಾಧ್ಯಾಯನಾದುದು ನನ್ನ ಸೋದರಮಾವನ ಶಿಫಾರಸಿನಿಂದ. ಸಂದರ್ಶನದ ದಿನ ನನ್ನೊಡನೆ ಮತ್ತೊಬ್ಬ ಉಮೇದುವಾರನಿದ್ದನು. ಮಳೆಯಲ್ಲಿ ತೊಯ್ದು ಬಂದಿದ್ದ ಅವನು ಕೊಡೆಯನ್ನು ಮೂಲೆಯಲ್ಲಿಟ್ಟು ನನ್ನ ಪಕ್ಕದಲ್ಲೇ ಕುಳಿತನು. ಅವನ ಅಂಕಗಳು ನನಗಿಂತ ಹೆಚ್ಚು. ಹಳಗನ್ನಡದಲ್ಲಿ ಅವನ ಪ್ರವೇಶವೂ ನನಗಿಂತ ಹೆಚ್ಚೆಂಬುದು ಅರ್ಧ ಗಂಟೆಯ ಮಾತಿನಲ್ಲಿ ನನಗೆ ಗೊತ್ತಾಯಿತು. ಕೆಲಸ ನನಗಾಯಿತು. ಅವನು ನನ್ನ ಕೈಕುಲುಕಿ ಹೋದನು. ಎರಡು ವರ್ಷದ ತರುವಾಯ ಒಂದು ದಿನಸಿ ಅಂಗಡಿಯಲ್ಲಿ ಅವನು ಲೆಕ್ಕ ಬರೆಯುತ್ತ ಕುಳಿತಿದ್ದುದನ್ನು ಕಂಡೆನು. ನನ್ನನ್ನು ಗುರುತಿಸಿ ನಗುತ್ತ, “ಮೇಷ್ಟ್ರೆ, ಚೆನ್ನಾಗಿದ್ದೀರಾ?” ಎಂದನು. ಅಂದಿನಿಂದ ನಾನು ಆ ಅಂಗಡಿಯ ಬೀದಿಯಲ್ಲಿ ಹೋಗುವುದನ್ನು ಬಿಟ್ಟೆನು. ಕೆಲಸವನ್ನು ನಿಷ್ಠೆಯಿಂದ ಮಾಡಿದೆನೆಂಬ ಸಮಾಧಾನ ನನಗುಂಟು. ಆದರೂ ತರಗತಿಯಲ್ಲಿ ಪಾಠವು ಚೆನ್ನಾಗಿ ನಡೆದ ದಿನಗಳಲ್ಲಿಯೇ, ಅವನಿದ್ದಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದನೋ ಏನೋ ಎಂಬ ಯೋಚನೆ ಬರುತ್ತಿತ್ತು.

ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಕಡೆಗೆ, “ಹಾಗಾದರೆ ಆ ಭಾರವನ್ನು ನನಗೂ ಹೊರಿಸಬೇಡಿ, ಅಪ್ಪಾ,” ಎಂದಷ್ಟೇ ಹೇಳಿದಳು.

ಅವಳು ಬೇರೊಂದು ದಾರಿಯನ್ನು ಆಗಲೇ ಹಿಡಿದಿದ್ದಳು. 1948ರಲ್ಲಿ ಸ್ಥಾಪಿತವಾದ ಏರೋನಾಟಿಕಲ್ ಸೊಸೈಟಿ ಆಫ್ ಇಂಡಿಯ ಎಂಬ ಸಂಘಕ್ಕೆ ಬೆಂಗಳೂರಿನಲ್ಲಿ ಶಾಖೆಯುಂಟು. ಅಲ್ಲಿ ಈ ವಿದ್ಯೆಯನ್ನು ಬಲ್ಲವರು ಉಪನ್ಯಾಸ ಮಾಡುವರು. ಅಂಥದೊಂದು ಉಪನ್ಯಾಸಕ್ಕೆ ಅವಳು ಹೋಗಿದ್ದಳು. ಮುಗಿದ ಮೇಲೆ ಚಹ ಕುಡಿಯುವ ಕಡೆ, ನಿವೃತ್ತ ಎಂಜಿನಿಯರೊಬ್ಬರು ಒಂಟಿಯಾಗಿ ಬಿಸ್ಕತ್ತು ತಿನ್ನುತ್ತ ನಿಂತಿದ್ದರು. ಇತರ ವಿದ್ಯಾರ್ಥಿಗಳು ಉಪನ್ಯಾಸಕರನ್ನು ಮುತ್ತಿಕೊಂಡು, ತಮಗೊಂದು ಸ್ಥಾನ ದೊರೆಯುವುದೇ ಎಂದು ವಿಚಾರಿಸುತ್ತಿದ್ದರು. ನನ್ನ ಮಗಳು ಈ ವೃದ್ಧರ ಬಳಿಗೆ ಹೋಗಿ ಒಂದು ಪ್ರಶ್ನೆ ಕೇಳಿದಳು.

ಆ ಪ್ರಶ್ನೆಯನ್ನು ಸ್ವಲ್ಪ ವಿವರಿಸಬೇಕು. ಕಾಲೇಜಿನಲ್ಲಿ ಒಂದು ಸಣ್ಣ ಗಾಳಿಸುರಂಗವಿದೆ. ಅದರಲ್ಲಿ ವಿಮಾನದ ರೆಕ್ಕೆಯ ಪುಟ್ಟ ಮಾದರಿಯನ್ನಿಟ್ಟು ಗಾಳಿ ಬಿಡುತ್ತಾರೆ. ರೆಕ್ಕೆಯ ಮೂತಿಯನ್ನು ಮೇಲಕ್ಕೆ ಎತ್ತಿದ ಹಾಗೆಲ್ಲ ಅದು ಹೊರುವ ಶಕ್ತಿಯು ಹೆಚ್ಚುತ್ತ ಹೋಗುತ್ತದೆ. ಒಂದು ಕೋನವನ್ನು ಮೀರಿದರೆ, ಗಾಳಿಯು ರೆಕ್ಕೆಯ ಬೆನ್ನನ್ನು ಬಿಟ್ಟು ಹಾರಿ, ಹೊರುವ ಶಕ್ತಿಯು ಕುಸಿದುಬೀಳುವುದು. ಇವಳು ಅಳೆದ ರೆಕ್ಕೆಗೆ ಗ್ರಂಥಗಳಲ್ಲಿ ಈ ಕೋನವು ಸುಮಾರು 16 ಡಿಗ್ರಿಯೆಂದಿದೆ. ಇವಳ ಸುರಂಗದಲ್ಲಿ 10 ಡಿಗ್ರಿಗೇ ಕುಸಿಯುತ್ತಿತ್ತು. ಗಾತ್ರವೂ ವೇಗವೂ ಕಡಮೆಯಾದಷ್ಟೂ ಗಾಳಿಯ ಅಂಟುತನದ ಪ್ರಭಾವ ಹೆಚ್ಚುವುದೆಂದೂ ಅದನ್ನು ರೆನಾಲ್ಡ್ಸ್ ಸಂಖ್ಯೆಯೆಂಬ ಒಂದು ಅಳತೆಯಿಂದ ಹೇಳುವರೆಂದೂ ಅವಳಿಗೆ ಗೊತ್ತಿತ್ತು. ಗ್ರಂಥದ ಅಳತೆಗಳು ಆ ಸಂಖ್ಯೆಯು ಮೂವತ್ತು ಅರವತ್ತು ಲಕ್ಷವಿರುವಾಗ ಮಾಡಿದವು. ಹತ್ತು ಸೆಂಟಿಮೀಟರು ಅಗಲದ ಇವಳ ರೆಕ್ಕೆಗೆ, ಸೆಕೆಂಡಿಗೆ 15 ಮೀಟರು ವೇಗದ ಗಾಳಿಯಲ್ಲಿ, ಅದು ಒಂದು ಲಕ್ಷ ಮಾತ್ರ. “ಈ ವ್ಯತ್ಯಾಸದಲ್ಲಿ ಪ್ರಕೃತಿಯ ಪಾಲೆಷ್ಟು, ನಮ್ಮ ಸುರಂಗದ ದೋಷದ ಪಾಲೆಷ್ಟು? ಬೇರೆ ಮಾಡುವುದು ಹೇಗೆ?” ಎಂಬುದು ಅವಳ ಪ್ರಶ್ನೆ.

ಆ ಹಿರಿಯರು ಬಿಸ್ಕತ್ತನ್ನು ಕೆಳಗಿಟ್ಟರಂತೆ. “ಏನಮ್ಮ, ರೆಕ್ಕೆಯ ಮೇಲೆ ದಾರದ ತುಂಡುಗಳನ್ನು ಅಂಟಿಸಿ ನೋಡಿದೆಯಾ? ಗಾಳಿ ಎಲ್ಲಿ ಮೊದಲು ಬಿಡುತ್ತದೆಂಬುದನ್ನು ದಾರವೇ ಹೇಳುತ್ತದೆ. ನೋಡಿ ನನಗೆ ಬರೆ,” ಎಂದು ತಮ್ಮ ವಿಳಾಸವನ್ನು ಕೊಟ್ಟರು.

ಯುಗಾದಿಗೆ ಬಂದವಳು ತನ್ನ ತಾಯಿಯ ಕಸೂತಿಯ ಪೆಟ್ಟಿಗೆಯಿಂದ ಕೆಂಪು ದಾರದ ಒಂದು ಉಂಡೆಯನ್ನು ತೆಗೆದುಕೊಂಡು ಹೋದುದು ಇದಕ್ಕೇ. ದಾರವನ್ನು ತುಂಡುಮಾಡಿ ಅಂಟಿಸಿ ಗಾಳಿ ಬಿಟ್ಟಳು. ರೆಕ್ಕೆಯ ನಡುವೆ ದಾರಗಳು ಅಚ್ಚುಕಟ್ಟಾಗಿ ಹಿಂದಕ್ಕೆ ಬಾಚಿದಂತಿದ್ದಾಗಲೇ, ಗೋಡೆಯ ಪಕ್ಕದವು ಹುಚ್ಚೆದ್ದು ಕುಣಿಯುತ್ತಿದ್ದುವು. ರೆಕ್ಕೆಗೂ ಸುರಂಗದ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದಿತ್ತು. ಅದನ್ನು ಮುಚ್ಚಿದ ಮೇಲೆ ಕುಸಿಯುವ ಕೋನವು ಒಂದು ಡಿಗ್ರಿಯಷ್ಟು ಮೇಲೇರಿತು. ಆ ಒಂದು ಡಿಗ್ರಿ ಸುರಂಗದ ದೋಷ. ಉಳಿದುದರಲ್ಲಿ ಹೆಚ್ಚಿನದು ಚಿಕ್ಕ ರೆಕ್ಕೆಯ ಸ್ವಭಾವ. ಇದನ್ನು ಅವಳು ಒಂದು ಪುಟದಲ್ಲಿ ಬರೆದು, ಚಿತ್ರದೊಂದಿಗೆ ಆ ಹಿರಿಯರಿಗೆ ಕಳುಹಿಸಿದಳು.

ಇಲ್ಲಿ ನನ್ನ ಮನೆಯಾಕೆಗೆ ಒಂದು ಸಂದೇಹ ಬಂದಿತು. “ಏನೂ ಅಂದರೆ, ಗುರುತಿಲ್ಲದ ಗಂಡಸರಿಗೆಲ್ಲ ಹುಡುಗಿ ಕಾಗದ ಬರೆಯುವುದೆಂದರೇನು?” ಎಂದು ಕೇಳಿದಳು. ತಾಯಿಯಾದವಳಿಗೆ ಬರತಕ್ಕ ಸಂದೇಹವೇ ಅದು. ಮಗಳು ಅದಕ್ಕೆ ಮೊದಲೇ ನಿಯಮಗಳನ್ನು ಮಾಡಿಕೊಂಡಿದ್ದಳು. ಪತ್ರದ ಒಂದು ಪ್ರತಿಯು ಯಾವಾಗಲೂ ಅವಳ ಪ್ರಾಧ್ಯಾಪಕರಿಗೆ ಹೋಗುತ್ತಿತ್ತು. ಕೆಲಸದಲ್ಲಿರುವವರಿಗೆ ಬರೆಯುವಾಗ ಅವರ ಸಂಸ್ಥೆಯ ವಿಳಾಸಕ್ಕೇ ಬರೆಯುತ್ತಿದ್ದಳು. ಭೇಟಿಯೇನಿದ್ದರೂ ಕಚೇರಿಯಲ್ಲಿ ಅಥವಾ ಸಭೆಯಲ್ಲಿ, ಹಗಲಿನಲ್ಲಿ. ಇದನ್ನು ಕೇಳಿ ತಾಯಿಯು ಸಮಾಧಾನಪಟ್ಟು, ಮತ್ತೊಂದು ಉಂಡೆ ದಾರವನ್ನು ಕಟ್ಟಿಕೊಟ್ಟಳು.

ಹಿರಿಯರಿಂದ ಉತ್ತರ ಬರಲು ಮೂರು ವಾರವಾಯಿತು. ಪೈಲಟ್ ಇಲ್ಲದೆ ಹಾರುವ ಸಣ್ಣ ವಿಮಾನಗಳ ಕೆಲಸದಲ್ಲಿ ಈ ಚಿಕ್ಕ ರೆಕ್ಕೆಗಳ ತೊಡಕೇ ನಿತ್ಯದ ತೊಡಕೆಂದೂ, ಅದರಲ್ಲಿ ತೊಡಗಿರುವ ಒಬ್ಬರಿಗೆ ಬರೆಯಬೇಕೆಂದೂ ತಿಳಿಸಿದ್ದರು. ಕೆಳಗೆ ಒಂದು ಸಾಲು: “ನನ್ನ ಹೆಸರನ್ನು ಹೇಳು, ಆದರೆ ಅದರ ಮೇಲೆ ಒರಗಬೇಡ. ನಿನ್ನ ದಾರದ ಚಿತ್ರವನ್ನು ಕಳುಹಿಸು.” ಅವಳು ಹಾಗೆಯೇ ಮಾಡಿದಳು. ಅವರಲ್ಲಿ ಆ ವರ್ಷ ಸ್ಥಾನವಿರಲಿಲ್ಲ. ಆದರೆ ಅವರು ಪತ್ರವನ್ನು ಮೂರನೆಯವರೊಬ್ಬರಿಗೆ ಕಳುಹಿಸಿದರು. ಆ ಮೂರನೆಯವರು ಕರೆಸಿ, ಮುಕ್ಕಾಲು ಗಂಟೆ ಪ್ರಶ್ನೆ ಮಾಡಿದರು. ನಮ್ಮ ಕುಲಗೋತ್ರ, ನೆಂಟರಿಷ್ಟರು ಯಾವುದನ್ನೂ ಕೇಳಲಿಲ್ಲ. ಗೋಡೆಯ ಸಂದಿಯನ್ನು ಯಾವುದರಿಂದ ಮುಚ್ಚಿದೆ ಎಂದು ಕೇಳಿದರು. ಆರು ವಾರದ ಕೆಲಸ ಅವಳಿಗೆ ದೊರೆಯಿತು.

ಮೂವರೂ ನಮಗೆ ಪರಕೀಯರು. ನಾನು ಹಿಡಿದದ್ದು ಹತ್ತಿರದ ನೆಂಟನನ್ನು. ಅವಳು ಹಿಡಿದದ್ದು ದೂರದ ಪರಿಚಯವನ್ನು. ಇದು ನಮ್ಮ ಮನೆಯೊಂದರ ಆಕಸ್ಮಿಕವೇನೂ ಅಲ್ಲವೆಂದು ಮಗಳು ಆಮೇಲೆ ತೋರಿಸಿಕೊಟ್ಟಳು. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನು 1973ರಲ್ಲಿ ಪ್ರಕಟಿಸಿದ ಒಂದು ಲೇಖನವುಂಟು. ಪರಿಚಯದವರ ಮೂಲಕ ಉದ್ಯೋಗ ಪಡೆದ ಜನರನ್ನು ಅವನು ವಿಚಾರಿಸಿದನು. ಆ ಪರಿಚಯಸ್ಥರನ್ನು ಪದೇ ಪದೇ ಕಾಣುತ್ತಿದ್ದೆವೆಂದವರು ನೂರಕ್ಕೆ 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದೆವೆಂದವರು 56ರಷ್ಟು. ಅಪರೂಪವಾಗಿ ಕಾಣುತ್ತಿದ್ದೆವೆಂದವರು 28ರಷ್ಟು. ಕಾರಣವು ಸರಳವಾಗಿದೆ. ಹತ್ತಿರದವರಿಗೆ ತಿಳಿದುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ಹೊಸ ಸುದ್ದಿಯು ಬರಬೇಕಾದರೆ ಬೇರೆ ಬೀದಿಯವನೇ ಬರಬೇಕು.

ನಮ್ಮ ನಾಡಿನ ವಿಮಾನವಿದ್ಯೆಯ ಚರಿತ್ರೆಯಲ್ಲಿಯೂ ಇದಕ್ಕೆ ನಿದರ್ಶನಗಳಿವೆ. 1939ರಲ್ಲಿ ವಾಲಚಂದ ಹೀರಾಚಂದರಿಗೆ ವಿಮಾನಪ್ರಯಾಣದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕದ ವಿಮಾನೋದ್ಯಮಿಯ ಪರಿಚಯವಾಯಿತು. ಆ ದಾರಿಯ ಪರಿಚಯವು ಬೆಳೆದು, ಮೈಸೂರು ಸರ್ಕಾರದ ಸಹಾಯದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಾಯಿತು. ಎರಡು ವರ್ಷದಲ್ಲಿ, 1942ರಲ್ಲಿ, ಅಲ್ಲಿಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು ಆರಂಭವಾಯಿತು.

ಅಬ್ದುಲ್ ಕಲಾಂ ಅವರ ವೃತ್ತಾಂತವು ಇನ್ನೂ ಹತ್ತಿರದ್ದು. ಅವರು ತರುಣ ಎಂಜಿನಿಯರಾಗಿ ಬೆಂಗಳೂರಿನಲ್ಲಿ ‘ನಂದಿ’ ಎಂಬ, ಗಾಳಿಯ ಮೆತ್ತೆಯ ಮೇಲೆ ತೇಲಿ ಸಾಗುವ ಒಂದು ವಾಹನವನ್ನು ಕಟ್ಟುತ್ತಿದ್ದರು. ಒಂದು ದಿನ ಅದನ್ನು ನೋಡಲು ಬಂದ ಪ್ರೊಫೆಸರ್ ಎಂ. ಜಿ. ಕೆ. ಮೆನನ್ ಅವರನ್ನು ಅದರಲ್ಲಿ ಕೂರಿಸಿ ಓಡಿಸಿ ತೋರಿಸಿದರು. ಕೆಲವೇ ದಿನಗಳಲ್ಲಿ, 1962ರಲ್ಲಿ ಹೊಸದಾಗಿ ಏರ್ಪಟ್ಟಿದ್ದ ಅಂತರಿಕ್ಷ ಸಂಶೋಧನಾ ಸಮಿತಿಯಿಂದ ಅವರಿಗೆ ಸಂದರ್ಶನಕ್ಕೆ ಕರೆ ಬಂದಿತು. ಅವರು ಮೆನನ್ನರಲ್ಲಿ ಕೆಲಸವನ್ನು ಬೇಡಲಿಲ್ಲ. ಮಾಡಿದ ಕೆಲಸವನ್ನು ತೋರಿಸಿದರು. ಶಿಫಾರಸಿಗೂ ಪರಿಚಯಕ್ಕೂ ಇರುವ ವ್ಯತ್ಯಾಸವು ಇದೇ ಎಂದು ನನಗೆ ಈಗ ತೋರುತ್ತದೆ. ಶಿಫಾರಸು “ಇವನು ಯಾರವನು” ಎಂಬುದನ್ನು ಹೇಳುತ್ತದೆ. ಪರಿಚಯವು “ಇವನು ಏನು ಮಾಡಿದ್ದಾನೆ” ಎಂಬುದನ್ನು ತಿಳಿಯಲು ಒಂದು ಅವಕಾಶ ಕೊಡುತ್ತದೆ. ಮೊದಲನೆಯದು ಇನ್ನೊಬ್ಬನ ಸ್ಥಾನವನ್ನು ಕಸಿಯಬಹುದು. ಎರಡನೆಯದರಲ್ಲಿ ಬಾಗಿಲನ್ನು ತಟ್ಟುವ ಸ್ವಾತಂತ್ರ್ಯವು ಎಲ್ಲರಿಗೂ ಇದೆ.

ಎಲ್ಲರಿಗೂ ಇದೆಯೆಂದಾಗ ನಾನು ಉತ್ಪ್ರೇಕ್ಷೆ ಮಾಡಬಾರದು. ಬೆಂಗಳೂರಿನಲ್ಲಿ ಓದುವವರಿಗೆ ಇರುವ ಅನುಕೂಲವು ದೂರದ ಊರಿನ ಮಕ್ಕಳಿಗಿಲ್ಲ. ಉಪನ್ಯಾಸಕ್ಕೆ ಹೋಗಿಬರುವ ಬಸ್ಸಿನ ಖರ್ಚೂ ಕೆಲವು ಮನೆಗಳಿಗೆ ಭಾರವೇ. ಆದರೂ ಬಾಗಿಲುಗಳು ಮೊದಲಿಗಿಂತ ಹೆಚ್ಚಿವೆ. ವಿಜ್ಞಾನ ಮಂದಿರವು ಸಾರ್ವಜನಿಕರಿಗೆ ತೆರೆದಿಡುವ ದಿನವೊಂದುಂಟು. ವಿಜ್ಞಾನಿ ರೊದ್ದಂ ನರಸಿಂಹ ಅವರ ಮನಸ್ಸು ವಿಮಾನಶಾಸ್ತ್ರದ ಕಡೆಗೆ ತಿರುಗಿದುದು ಅಂಥ ದಿನದಲ್ಲಿ ಅಲ್ಲಿ ಒಂದು ಸ್ಪಿಟ್‌ಫೈರ್ ವಿಮಾನವನ್ನು ಕಂಡು. 1996ರಿಂದ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ವಿಮಾನ ಪ್ರದರ್ಶನವು ನಡೆಯುತ್ತ ಬಂದಿದೆ. ಅಲ್ಲಿ ಹಾರಾಟವನ್ನು ನೋಡುವವರೇ ಬಹಳ, ಮಳಿಗೆಗಳಲ್ಲಿ ನಿಂತ ಎಂಜಿನಿಯರುಗಳನ್ನು ಮಾತನಾಡಿಸುವವರು ಕಡಮೆ. ಲಿಂಕ್ಡ್‌ಇನ್ ಮೊದಲಾದ ಸಾಧನಗಳಿಂದ ಯಾರು ಯಾವ ಕೆಲಸದಲ್ಲಿರುವರೆಂಬುದನ್ನು ಹಳ್ಳಿಯಲ್ಲಿ ಕುಳಿತೂ ತಿಳಿಯಬಹುದು. ಇಸ್ರೋ, ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮೊದಲಾದ ಸರ್ಕಾರಿ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲು ಪ್ರಕಟವಾದ ಕ್ರಮವುಂಟು. ಕಾಲೇಜಿನ ಪತ್ರದೊಡನೆ ಆ ಕ್ರಮದಲ್ಲಿಯೇ ಹೋಗಬೇಕು. ಯಾವ ವಿಭಾಗದಲ್ಲಿ ಯಾವ ಕೆಲಸ ನಡೆಯುತ್ತಿದೆ, ಅರ್ಜಿಯನ್ನು ಯಾವಾಗ ಹಾಕಬೇಕು ಎಂಬುದನ್ನು ಪರಿಚಯಸ್ಥರು ತಿಳಿಸಬಲ್ಲರು. ಅದಕ್ಕಿಂತ ಹೆಚ್ಚನ್ನು ಅವರಿಂದ ಬಯಸಬಾರದು.

ಮಗಳ ಟಿಪ್ಪಣಿ ಪುಸ್ತಕದಲ್ಲಿ ಅವಳು ತನಗಾಗಿ ಬರೆದುಕೊಂಡ ನಾಲ್ಕು ಮಾತುಗಳಿದ್ದುವು. ಅವರು ಮಾಡಿದ ಕೆಲಸವನ್ನು ಓದದೆ ಯಾರಿಗೂ ಬರೆಯತಕ್ಕದ್ದಲ್ಲ. ಪತ್ರವು ಒಂದು ಪುಟ, ಪ್ರಶ್ನೆಯು ಒಂದೇ ಒಂದು. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪುಮಾಡಿ, ಆಮೇಲೆ ಬೇಸರವಿಲ್ಲದೆ ಬಿಟ್ಟುಬಿಡಬೇಕು. ಸಹಾಯ ಮಾಡಿದವರಿಗೆ, ಕೆಲಸ ಆಗಲಿ ಆಗದಿರಲಿ, ಕೊನೆಗೆ ಏನಾಯಿತೆಂಬುದನ್ನು ತಿಳಿಸಲೇಬೇಕು. ಈ ಕಡೆಯ ನಿಯಮವನ್ನು ಜನ ಮರೆಯುವುದೇ ಹೆಚ್ಚೆಂದು ಆ ಹಿರಿಯರು ಅವಳಿಗೆ ಬರೆದಿದ್ದರಂತೆ. ಎಷ್ಟೋ ವಿದ್ಯಾರ್ಥಿಗಳಿಗೆ ಅವರು ದಾರಿ ಹೇಳಿದ್ದರಂತೆ. ದಾರಿ ಎಲ್ಲಿಗೆ ಹೋಯಿತೆಂದು ತಿರುಗಿ ಬಂದು ಹೇಳಿದವರು ಕೆಲವರೇ ಅಂತೆ.

ಆರು ವಾರದ ಕೆಲಸವನ್ನು ಮುಗಿಸಿ ಅವಳು ಊರಿಗೆ ಬಂದಾಗ, ನಾನು ಮಾಡಬೇಕಾಗಿದ್ದ ಒಂದು ಕೆಲಸವನ್ನೂ ಮಾಡಿದೆನು. ಮೂವತ್ತು ವರ್ಷ ತಪ್ಪಿಸಿಕೊಂಡಿದ್ದ ಆ ದಿನಸಿ ಅಂಗಡಿಯ ಬೀದಿಗೆ ಹೋದೆನು. ಅಂಗಡಿ ಇರಲಿಲ್ಲ, ಅದು ಇದ್ದ ಕಡೆ ಔಷಧಿಯ ಮಳಿಗೆಯಾಗಿತ್ತು. ಅವನು ಎಲ್ಲಿರುವನೆಂದು ಯಾರಿಗೂ ಗೊತ್ತಿರಲಿಲ್ಲ. ಕೆಲವು ಸಾಲಗಳನ್ನು ತೀರಿಸಲು ಹೊರಡುವ ಹೊತ್ತಿಗೆ ಸಾಲಕೊಟ್ಟವನು ಮನೆ ಬಿಟ್ಟಿರುತ್ತಾನೆ.

ಮರುದಿನ ಸಂಜೆ ಸಾಲಗಾಮೆಯ ರಸ್ತೆಯಲ್ಲಿ, ನನ್ನ ಹಳೆಯ ಶಿಷ್ಯನೊಬ್ಬನ ತಂದೆಯು ಎದುರಿಗೆ ಬಂದು ಎಂದಿನಂತೆ ನಮಸ್ಕರಿಸಿದರು. ನಾನು ಅವರನ್ನು ನಿಲ್ಲಿಸಿ, “ಸ್ವಾಮಿ, ನೀವು ಅಲ್ಲಿ ಮಾಡುತ್ತಿದ್ದ ಕೆಲಸವೇನು?” ಎಂದು ಕೇಳಿದೆನು. ಅವರ ಮುಖವು ಅರಳಿತು. ಸೂರ್ಯಚಂದ್ರರ ಸೆಳೆತದಿಂದ ಉಪಗ್ರಹಗಳು ತಮ್ಮ ಎಡೆಯಿಂದ ಮೆಲ್ಲಮೆಲ್ಲನೆ ಜಾರುವುವೆಂದೂ, ಅವುಗಳಲ್ಲಿರುವ ಸಣ್ಣ ಎಂಜಿನುಗಳನ್ನು ಇಲ್ಲಿಂದಲೇ ಉರಿಸಿ ಮತ್ತೆ ತಮ್ಮ ಎಡೆಗೆ ತರಬೇಕೆಂದೂ, ಇಂಧನವು ಮುಗಿದ ಮೇಲೆ ಉಪಗ್ರಹದ ಆಯುಸ್ಸೂ ಮುಗಿಯಿತೆಂದೂ ಕೈಸನ್ನೆಯಿಂದ ವಿವರಿಸುತ್ತ ಹೋದರು. ಕತ್ತಲಾಯಿತು. ಬೀಳ್ಕೊಡುವಾಗ, “ನಿಮ್ಮ ಶಾಲೆಯ ಮಕ್ಕಳಿಗೆ ಬೇಕಾದರೆ ಬಂದು ಹೇಳುತ್ತೇನೆ, ಮೇಷ್ಟ್ರೆ. ಇದುವರೆಗೆ ಯಾರೂ ಕೇಳಿರಲಿಲ್ಲ,” ಎಂದರು.

ನಾನು ನಿವೃತ್ತನಾದರೂ ಶಾಲೆಯ ದಾರಿ ನನಗೆ ಮರೆತಿಲ್ಲ. ಸೋಮವಾರವೇ ಹೋಗಿ ಮುಖ್ಯೋಪಾಧ್ಯಾಯಿನಿಯವರನ್ನು ಕಂಡು ಒಂದು ಶನಿವಾರವನ್ನು ಗೊತ್ತುಮಾಡಿ ಬಂದೆನು.